ನಾಮ ಒಂದು, ಕಾಯಕ ಹಲವು

ಹೆಸರು ಲೋಕವ್ಯವಹಾರಕ್ಕೆ ಅವಶ್ಯಕವಾದುದು. ಕರೆಯುವುದಕ್ಕೂ ಓಗೊಡುವುದಕ್ಕೂ, ಪತ್ರ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಹೆಸರಿಲ್ಲದೆ ನಡೆಯದು. ಆದರೆ ಹೆಸರಿನಿಂದಾಗುವ ಉಪಕಾರಕ್ಕೆ ಒಂದು ಮೇರೆಯುಂಟು. ಒಂದೇ ಹೆಸರಿನವರು ಇಬ್ಬರಿದ್ದಲ್ಲಿ ಆ ಹೆಸರು ಸುಮ್ಮನಾಗುತ್ತದೆ, ಅಲ್ಲಿಂದ ಮುಂದೆ "ಯಾರು?" ಎಂಬ ಪ್ರಶ್ನೆಗೆ ಬೇರೊಂದು ಉತ್ತರ ಬೇಕಾಗುತ್ತದೆ. ಆ ಉತ್ತರವನ್ನು ಜನರು ಎಲ್ಲಿಂದ ತರುತ್ತಾರೆ—ಮನೆತನದಿಂದಲೋ, ಪದವಿಯಿಂದಲೋ, ಊರಿನಿಂದಲೋ, ಮಾಡುವ ಕೆಲಸದಿಂದಲೋ—ಎಂಬುದನ್ನು ನೋಡಿದರೆ, ಅವರು ಮನುಷ್ಯನಲ್ಲಿ ಯಾವುದನ್ನು ಮುಖ್ಯವೆಂದು ಎಣಿಸಿದರೆಂಬುದು ತಿಳಿಯುತ್ತದೆ. ಶಿವಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ಓದುವುದೇ ಪ್ರಕೃತ ಪಾಠದ ಉದ್ದೇಶ.

೧. ನೆರೆಯಲ್ಲಿರುವ ಉದಾಹರಣೆಗಳು

ಕಾವೇರಿಯ ದಡದ ನೆಲ್ಯಹುದಿಕೇರಿಯಂಥ ಊರಿನಲ್ಲಿರುವವರು ಈ ವಿಷಯವನ್ನು ದೂರ ಹೋಗಿ ಕಲಿಯಬೇಕಾಗಿಲ್ಲ. ಸುತ್ತಲಿನ ಕಾಫಿ ತೋಟಗಳಲ್ಲಿ ಕನ್ನಡ, ಕೊಡವ, ಮಲೆಯಾಳ, ತಮಿಳು ನುಡಿಗಳನ್ನಾಡುವ ಜನರು ಒಟ್ಟಿಗೆ ದುಡಿಯುತ್ತಾರೆ. ಒಂದೇ ಹೆಸರನ್ನು ಎರಡು ಸಲ ಬರೆಯಬೇಕಾಗಿ ಬಂದಾಗ ತೋಟದ ರೈಟರು ಚೆಕ್‌ರೋಲಿನಲ್ಲಿ ತಂದೆಯ ಹೆಸರನ್ನೋ ಲೈನ್‌ಮನೆಯ ಗುರುತನ್ನೋ ಸೇರಿಸಿಕೊಳ್ಳುತ್ತಾರೆ. ಜೊತೆಯಲ್ಲಿ ದುಡಿಯುವವರಾದರೋ "ಮೆಣಸು ಕೊಯ್ಯುವ ಮಣಿ", "ಲಾರಿಯ ಮಣಿ" ಎಂದು ಕೆಲಸವನ್ನು ಹಿಡಿದು ಕರೆಯುತ್ತಾರೆ. ಮನುಷ್ಯನೇಕೆ, ನೆಲವೂ ಹೀಗೆಯೇ ಹೆಸರಾಗುತ್ತದೆ. ೨೦೧೯ರ ಆಗಸ್ಟ್ ತಿಂಗಳ ಕಾವೇರಿ ಪ್ರವಾಹದಲ್ಲಿ ಮನೆಗಳನ್ನು ಕಳೆದುಕೊಂಡು ಸಂಕಟಪಟ್ಟ ಇಲ್ಲಿಯ ಹೊಳೆಯಂಚಿನ ಒಂದು ಭಾಗಕ್ಕೆ ಕುಂಬಾರಗುಂಡಿಯೆಂದು ಹೆಸರು.

ಕೊಡವರಲ್ಲಿ ಮನುಷ್ಯನನ್ನು ಗುರುತಿಸುವ ಕ್ರಮ ಬೇರೆ. ಅಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಸುಬ್ಬಯ್ಯನೆಂಬ ಹೆಸರು ಕೊಡಗಿನಲ್ಲಿ ಬಳಕೆಯ ಹೆಸರು. ಆದುದರಿಂದ ನ್ಯಾಯವಾದಿಯೂ ರಾಜಕಾರಣಿಯೂ ಆಗಿದ್ದು ೨೦೧೯ರಲ್ಲಿ ತೀರಿಕೊಂಡವರು ಅಜ್ಜಿಕುಟ್ಟಿರ ಸುಬ್ಬಯ್ಯ, ಭಾರತದ ಹಾಕಿ ತಂಡಕ್ಕೆ ಗೋಲ್‌ಕೀಪರಾಗಿದ್ದವರು ಅಂಜಪರವಂಡ ಸುಬ್ಬಯ್ಯ. ಉತ್ತಪ್ಪನೆಂಬ ಹೆಸರೂ ಹಾಗೆಯೇ: ಒಬ್ಬರು ೨೦೦೭ರಲ್ಲಿ ವಿಶ್ವಕಪ್ಪನ್ನು ಗೆದ್ದ ಇಪ್ಪತ್ತು ಓವರುಗಳ ಕ್ರಿಕೆಟ್ ತಂಡದಲ್ಲಿದ್ದ ರಾಬಿನ್ ಉತ್ತಪ್ಪ, ಇನ್ನೊಬ್ಬರು ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಹಾಕಿ ಆಡಿದ ಸಣ್ಣುವಂಡ ಉತ್ತಪ್ಪ. ಇನ್ನು ಒಕ್ಕವೊಂದೇ, ಹೆಸರು ಬೇರೆ ಎಂಬುದಕ್ಕೂ ನಿದರ್ಶನವಿದೆ. ೧೯೪೯ರ ಜನವರಿ ೧೫ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, ೧೯೫೭ರಲ್ಲಿ ಸೇನಾ ಮುಖ್ಯಸ್ಥರಾದ ತಿಮ್ಮಯ್ಯನವರೂ ಕೋದಂಡೇರ ಒಕ್ಕದವರೇ.

ಈ ನಾಡನ್ನಾಳಿದ ಹಾಲೇರಿಯ ವೀರಶೈವ ಅರಸರಲ್ಲಿ ಮೂರನೆಯ ಕ್ರಮವೊಂದನ್ನು ಕಾಣುತ್ತೇವೆ. ಅಲ್ಲಿ ವಂಶವೂ ಒಂದೇ, ಹೆಸರೂ ಒಂದೇ, ಕುಳಿತ ಗದ್ದುಗೆಯೂ ಒಂದೇ. ಆದಕಾರಣ ಒಬ್ಬರನ್ನು ದೊಡ್ಡವೀರರಾಜೇಂದ್ರರೆಂದೂ ಇನ್ನೊಬ್ಬರನ್ನು ಚಿಕ್ಕವೀರರಾಜೇಂದ್ರರೆಂದೂ ಕರೆಯಬೇಕಾಯಿತು. ಹಿರಿಯರು ಟೀಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದು, ನಾಲ್ಕುನಾಡಿನಲ್ಲಿ ಅರಮನೆಯನ್ನು ಕಟ್ಟಿ, ೧೮೦೯ರವರೆಗೆ ಆಳಿದರು. ೧೮೨೦ರಲ್ಲಿ ಪಟ್ಟವೇರಿದ ಕಿರಿಯರು ೧೮೩೪ರಲ್ಲಿ ಅದೇ ನಾಡನ್ನು ಇಂಗ್ಲಿಷರ ಕೈಗೆ ಕಳೆದುಕೊಂಡರು. ಮಾಸ್ತಿಯವರು ೧೯೫೬ರಲ್ಲಿ ಪ್ರಕಟಿಸಿದ ಕಾದಂಬರಿಯು ಈ ಕಿರಿಯರ ಕಥೆಯೇ. ತಾತ್ಪರ್ಯವೇನೆಂದರೆ, ಹೆಸರೂ ವಂಶವೂ ಅಧಿಕಾರವೂ ಕೂಡಿ ಬಂದರೂ ನಡತೆಯು ಅವುಗಳ ಜೊತೆಯಲ್ಲಿ ತಾನಾಗಿ ಬರುವುದಿಲ್ಲ.

ಒಕ್ಕದ ಹೆಸರು ಮನುಷ್ಯನು ಯಾರ ಮನೆಯವನೆಂಬುದನ್ನು ಹೇಳುತ್ತದೆ. ದೊಡ್ಡ, ಚಿಕ್ಕ ಎಂಬ ಮಾತು ಯಾರು ಮೊದಲು, ಯಾರು ಅನಂತರ ಎಂಬುದನ್ನು ಹೇಳುತ್ತದೆ. ಎರಡೂ ತಮ್ಮ ತಮ್ಮ ಕೆಲಸಕ್ಕೆ ಸಾಲುತ್ತವೆ. ಆದರೆ ಮನುಷ್ಯನು ತನ್ನ ಕೈಯಿಂದ ಏನು ಮಾಡಿದನೆಂಬುದನ್ನು ಇವೆರಡೂ ಹೇಳಲಾರವು. ಆ ಮಾತನ್ನು ಹೆಸರಿನಲ್ಲಿಯೇ ಸೇರಿಸಿದವರು ೧೨ನೆಯ ಶತಮಾನದ ಶರಣರು.

೨. ಮಾರಯ್ಯನೆಂಬ ಹೆಸರಿನ ಶರಣರು

ಕಲ್ಯಾಣದ ಶರಣಸಮೂಹದಲ್ಲಿ ಮಾರಯ್ಯ, ಮಾರಿತಂದೆ ಎಂಬ ಹೆಸರಿನವರು ಅನೇಕರು. ಅಯ್ಯ, ತಂದೆ ಎಂಬುವು ಗೌರವದ ಮಾತುಗಳಾದುದರಿಂದ ಎರಡನ್ನೂ ಒಂದೇ ಹೆಸರಿನ ಎರಡು ರೂಪಗಳೆಂದು ತಿಳಿಯಬಹುದು. ಇವರಲ್ಲಿ ಕೆಲವರನ್ನು ಮಾತ್ರ ಇಲ್ಲಿ ನೋಡೋಣ.

ಆಯ್ದಕ್ಕಿ ಮಾರಯ್ಯನವರು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವುದು ಅವರ ಕಾಯಕ. ಕಾಯಕದಲ್ಲಿಯೇ ಕೈಲಾಸವನ್ನು ಕಂಡ ಮಹನೀಯರಿವರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತ್ನಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮನೆಮನೆಯಲ್ಲಿಯೂ ತಿಳಿದುದೇ ಆಗಿದೆ.

ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದೂ, ಆಗ ಅವರಿಗೆ ಮಹಾದೇವ ಭೂಪಾಲನೆಂಬ ಹೆಸರಿದ್ದಿತೆಂದೂ ಪುರಾಣಗಳು ಹೇಳುತ್ತವೆ. ಶರಣರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಪತ್ನಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ತಂದು ಮಾರುವ ಕಾಯಕವನ್ನು ಕೈಕೊಂಡರು. ಮೋಳಿಗೆಯೆಂದರೆ ಆ ಸೌದೆಯ ಹೊರೆಯೇ. ಬಸವಣ್ಣನವರು ಇವರ ಬಡತನಕ್ಕೆ ಮರುಗಿ ಮನೆಯಲ್ಲಿ ಹೊನ್ನನ್ನು ಇರಿಸಿ ಬಂದರೆಂದೂ, ತಮ್ಮ ಕಾಯಕದಿಂದ ಬಾರದ ಆ ಹೊನ್ನನ್ನು ಮಾರಯ್ಯನವರು ತಮ್ಮದೆನ್ನದೆ ಜಂಗಮರಿಗೆ ಕೊಟ್ಟುಬಿಟ್ಟರೆಂದೂ ಪರಂಪರೆಯ ಕಥೆಯಿದೆ.

ನಗೆಯ ಮಾರಿತಂದೆಯವರ ಕಾಯಕ ಜನರನ್ನು ನಗಿಸುವುದು. ಕೂಗಿನ ಮಾರಯ್ಯನವರದು ಅದಕ್ಕಿಂತ ವಿಚಿತ್ರ: ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ವಚನದ ಕಟ್ಟುಗಳೊಡನೆ ಉಳವಿಯ ಕಡೆಗೆ ನಡೆದಾಗ, ಬೆನ್ನಟ್ಟಿದ ಸೈನ್ಯದ ಸುಳಿವನ್ನು ಕೂಗಿ ತಿಳಿಸುವುದು ಇವರ ಪಾಲಿಗೆ ಬಂದ ಕಾಯಕವೆಂದು ಹೇಳುತ್ತಾರೆ. ಸತ್ತಿಗೆ ಕಾಯಕದ ಮಾರಿತಂದೆಯವರು ಕೊಡೆಯನ್ನು ಹಿಡಿಯುವವರು. ಕನ್ನದ ಮಾರಿತಂದೆಯವರು ಹಿಂದೆ ಕನ್ನ ಕೊರೆದು ಕದಿಯುತ್ತಿದ್ದು, ಅದನ್ನು ಬಿಟ್ಟು ಶರಣರಾದವರು. ಇವರಲ್ಲದೆ ಅರಿವಿನ ಮಾರಿತಂದೆ, ಮನಸಂದ ಮಾರಿತಂದೆ ಎಂಬವರೂ ಇದ್ದಾರೆ. ಇವರಿಗೆ ಕೆಲಸದ ಬದಲು ಅಂತರಂಗದ ಸ್ಥಿತಿಯೇ ವಿಶೇಷಣವಾಯಿತು.

ಅರಸರಾಗಿದ್ದವರು, ನೆಲದ ಮೇಲಿನ ಅಕ್ಕಿಯನ್ನು ಆಯುವವರು, ನಗಿಸುವವರು, ಕೂಗುವವರು, ಕೊಡೆ ಹಿಡಿಯುವವರು, ಕಳವನ್ನು ಬಿಟ್ಟವರು—ಇವರೆಲ್ಲರೂ ಒಂದೇ ಹೆಸರಿನಿಂದ ಓಗೊಡುತ್ತಿದ್ದರೆಂಬುದನ್ನು ವಾಚಕರು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಇವರನ್ನು ಬೇರೆ ಬೇರೆಯಾಗಿ ತಿಳಿಯುವುದಕ್ಕೆ ಎರಡು ಸಾಧನಗಳಿವೆ. ಒಂದು, ಹೆಸರಿನ ಮುಂದಿರುವ ಕಾಯಕ. ಇನ್ನೊಂದು, ವಚನದ ಕೊನೆಯಲ್ಲಿ ಬರುವ ಅಂಕಿತ. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಮೋಳಿಗೆ ಮಾರಯ್ಯನವರದು ನಿಃಕಳಂಕ ಮಲ್ಲಿಕಾರ್ಜುನ. ಅರಿವಿನ ಮಾರಿತಂದೆಯವರದು ಸದಾಶಿವಮೂರ್ತಿಲಿಂಗ. ಆದರೆ ಅಂಕಿತದಲ್ಲಿಯೂ ಎಚ್ಚರ ಬೇಕು. ನಗೆಯ ಮಾರಿತಂದೆಯವರು ಆತುರವೈರಿ ಮಾರೇಶ್ವರನೆಂದೂ, ಕೂಗಿನ ಮಾರಯ್ಯನವರು ಮಹಾಮಹಿಮ ಮಾರೇಶ್ವರನೆಂದೂ ತಮ್ಮ ಇಷ್ಟದೈವವನ್ನು ಕರೆದಿದ್ದಾರೆ. ಮಾರೇಶ್ವರನೆಂಬ ಕೊನೆಯ ಪದವನ್ನು ಮಾತ್ರ ನೋಡಿ ನಿರ್ಣಯಿಸಹೊರಟವರು ಒಬ್ಬರ ಅನುಭಾವವನ್ನು ಇನ್ನೊಬ್ಬರ ತಲೆಗೆ ಕಟ್ಟಿಬಿಡುತ್ತಾರೆ.

೩. ಭಂಡಾರಿಯೂ ಬಡಗಿಯೂ

ಬಸವನೆಂಬ ಹೆಸರನ್ನೇ ನೋಡಿರಿ. ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರನ್ನು ಅರಿಯದವರಿಲ್ಲ. ಅವರ ಕಾಲದಲ್ಲಿಯೇ ಬಾಚಿಕಾಯಕದ ಬಸವಣ್ಣನವರೆಂಬ ಮತ್ತೊಬ್ಬ ವಚನಕಾರರಿದ್ದರು. ಬಾಚಿಯೆಂದರೆ ಬಡಗಿಯು ಮರವನ್ನು ಕೆತ್ತುವ ಹತ್ಯಾರು. ಒಬ್ಬರ ಕೈಯಲ್ಲಿ ಭಂಡಾರದ ಬೀಗದ ಕೈ, ಇನ್ನೊಬ್ಬರ ಕೈಯಲ್ಲಿ ಬಾಚಿ. ಇಬ್ಬರ ಹೆಸರೂ ಒಂದೇ. ಇಬ್ಬರ ವಚನಗಳಿಗೂ ಶರಣರು ತಮ್ಮ ಕಟ್ಟುಗಳಲ್ಲಿ ಸ್ಥಳವನ್ನು ಕೊಟ್ಟರು.

ಮಹಾದೇವಿಯೆಂಬ ಹೆಸರಿನಲ್ಲಿ ಇಬ್ಬರು ಪ್ರಸಿದ್ಧರು. ಉಡುತಡಿಯ ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿ, ಮನೆಯ ಕಟ್ಟುಗಳನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಶ್ರೀಶೈಲದ ಕದಳಿಯ ದಾರಿಯನ್ನು ಹಿಡಿದರು. ಮೋಳಿಗೆಯ ಮಹಾದೇವಿಯವರು ಮೇಲೆ ಹೇಳಿದ ಮೋಳಿಗೆ ಮಾರಯ್ಯನವರ ಧರ್ಮಪತ್ನಿ. ರಾಣಿಯಾಗಿದ್ದವರು ಸೌದೆ ಮಾರುವವರ ಮನೆಯ ಒಡತಿಯಾಗಿ ದಾಸೋಹವನ್ನು ನಡೆಸಿದರು. ಒಬ್ಬರು ಸಂಸಾರವನ್ನು ಬಿಟ್ಟು ಸಿದ್ಧಿಯನ್ನು ಪಡೆದರು, ಇನ್ನೊಬ್ಬರು ಅರಮನೆಯನ್ನು ಬಿಟ್ಟರೂ ಸಂಸಾರವನ್ನು ಬಿಡದೆ ಪಡೆದರು. ಒಂದೇ ಹೆಸರು ಎರಡು ದಾರಿಗಳಿಗೂ ಹೊಂದಿತು. ಗೃಹಸ್ಥರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಬೊಮ್ಮಣ್ಣನೆಂಬ ಹೆಸರಿನಲ್ಲಿ ಢಕ್ಕೆಯನ್ನು ಬಾರಿಸುವ ಢಕ್ಕೆಯ ಬೊಮ್ಮಣ್ಣನವರಿದ್ದಾರೆ. ತೋಟದಲ್ಲಿ ಕಾಯಿಪಲ್ಲೆಯನ್ನು ಬೆಳೆಯುವ ಬಾಹೂರ ಬೊಮ್ಮಣ್ಣನವರಿದ್ದಾರೆ. ಅಕ್ಕಸಾಲಿಗರ ಕೆಲಸವನ್ನು ಬಿಟ್ಟು ಕಿನ್ನರಿಯನ್ನು ನುಡಿಸಿ ಶಿವನನ್ನು ಒಲಿಸಿದ ಕಿನ್ನರಿ ಬೊಮ್ಮಯ್ಯನವರಿದ್ದಾರೆ.

ದಾಸಿಮಯ್ಯನೆಂಬ ಹೆಸರಿನ ವಿಷಯವು ವಿದ್ವಾಂಸರಿಗೂ ಸುಲಭವಾಗಲಿಲ್ಲ. ಮುದನೂರಿನ ಜೇಡರ ದಾಸಿಮಯ್ಯನವರು ನೇಕಾರರು. ಅವರ ಅಂಕಿತ ರಾಮನಾಥ. ಶಂಕರ ದಾಸಿಮಯ್ಯನವರು ಬಟ್ಟೆಗೆ ಬಣ್ಣ ಹಾಕುವವರೆಂದು ಹೇಳಿಕೆ. ಅವರು ಶಂಕರನ ಹೆಸರಿನಿಂದ ವಚನ ನುಡಿದವರು. ಒಬ್ಬರು ನೂಲನ್ನು ಬಟ್ಟೆಯಾಗಿಸಿದರೆ ಇನ್ನೊಬ್ಬರು ಬಟ್ಟೆಗೆ ಬಣ್ಣವನ್ನು ಕೊಟ್ಟರು. ಇಷ್ಟು ಸ್ಪಷ್ಟ. ಆದರೆ ದೇವರ ದಾಸಿಮಯ್ಯನೆಂದು ಕರೆಯಲ್ಪಡುವವರೂ ಜೇಡರ ದಾಸಿಮಯ್ಯನವರೂ ಒಬ್ಬರೇ, ಇಬ್ಬರೇ ಎಂಬುದನ್ನು ಕುರಿತು ಕನ್ನಡದ ಸಂಶೋಧಕರಲ್ಲಿ ದೀರ್ಘವಾದ ವಾದವೇ ನಡೆದಿದೆ. ಹೆಸರಿನ ಮುಂದಿನ ಒಂದು ಪದವು ಬದಲಾದರೆ ಒಬ್ಬ ಮನುಷ್ಯನು ಇಬ್ಬರಾಗಬಹುದು, ಇಬ್ಬರು ಒಬ್ಬನಾಗಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ವಿಜಯಪುರದ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ತಾಳೆಗರಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದುದರಿಂದ ವಚನಗಳ ಶಾಸ್ತ್ರೀಯವಾದ ಸಂಪಾದನೆಗೆ ದಾರಿಯಾಯಿತು. ಅಂಥ ಸಂಪಾದಕರು ಅಂಕಿತವನ್ನೂ ಕಾಯಕನಾಮವನ್ನೂ ಹಿಡಿದು ಒಬ್ಬೊಬ್ಬರನ್ನೂ ಬೇರೆ ಮಾಡಿ ತೋರಿಸದಿದ್ದರೆ, ಪ್ರಸಿದ್ಧರ ಹೆಸರಿನೊಳಗೆ ಅಪ್ರಸಿದ್ಧರು ಕರಗಿಹೋಗುತ್ತಿದ್ದರು.

೪. ಕಾಯಕದ ಹೆಸರು ಜಾತಿಯ ಹೆಸರಲ್ಲ

ಇಲ್ಲಿ ಒಂದು ಸಂದೇಹವು ಏಳುವುದು ಸಹಜ. ಜೇಡ, ಮಾದಾರ, ಡೋಹರ, ಮಡಿವಾಳ, ಹಡಪದ ಎಂಬ ವಿಶೇಷಣಗಳು ಹುಟ್ಟಿನ ಜಾತಿಯನ್ನೇ ಹೇಳುವವಲ್ಲವೇ? ಜಾತಿಭೇದವನ್ನು ಅಲ್ಲಗಳೆದ ಶರಣರು ಅವನ್ನು ಹೆಸರಿನಲ್ಲಿ ಉಳಿಸಿಕೊಂಡುದೇಕೆ?

ಇದಕ್ಕೆ ಉತ್ತರವು ಮೇಲಿನ ಉದಾಹರಣೆಗಳಲ್ಲಿಯೇ ಇದೆ. ಕಾಯಕನಾಮವು ಜಾತಿನಾಮವೇ ಆಗಿದ್ದರೆ ಮೋಳಿಗೆಯವರನ್ನು ಅರಸು ಮಾರಯ್ಯನೆಂದು ಕರೆಯಬೇಕಾಗಿತ್ತು. ಹುಟ್ಟಿನಿಂದ ಬಂದ ಕಿರೀಟವು ಅವರ ಹೆಸರಿನಲ್ಲಿ ಉಳಿಯಲಿಲ್ಲ. ತಾವಾಗಿ ಹೊತ್ತ ಹೊರೆಯು ಉಳಿಯಿತು. ಬೊಮ್ಮಯ್ಯನವರಿಗೆ ಅಕ್ಕಸಾಲಿಗನೆಂಬ ಹೆಸರು ನಿಲ್ಲಲಿಲ್ಲ, ಕಿನ್ನರಿಯು ನಿಂತಿತು. ನಗಿಸುವವರದು, ಕೂಗುವವರದು, ಚೆಲ್ಲಿದ ಅಕ್ಕಿಯನ್ನು ಆಯುವವರದು ಯಾವ ಜಾತಿ? ಹಾಗೆಂಬ ಜಾತಿಗಳೇ ಇಲ್ಲ. ಕನ್ನದ ಮಾರಿತಂದೆಯವರಂತೂ ತಾವು ಬಿಟ್ಟ ಕೆಲಸವನ್ನು ಕೂಡ ಮರೆಮಾಚಲಿಲ್ಲ. ಎಲ್ಲಿಂದ ಹೊರಟು ಎಲ್ಲಿಗೆ ಬಂದರೆಂಬುದು ಆ ಹೆಸರಿನಿಂದಲೇ ಲೋಕಕ್ಕೆ ತಿಳಿಯಲೆಂದು ಇರಗೊಟ್ಟರು. ಚರ್ಮದ ಕೆಲಸ ಮಾಡುವವರೂ ಬಟ್ಟೆ ಒಗೆಯುವವರೂ ಆ ಕೆಲಸದ ಹೆಸರಿನಿಂದಲೇ ಭಂಡಾರಿಯ ಸಮಕ್ಕೆ ಕುಳಿತರು. ಕೆಲಸವನ್ನು ಮುಚ್ಚಿಟ್ಟು ಪಡೆದ ಸಮಾನತೆಯಾಗಿದ್ದರೆ ಅದು ಕೆಲಸವು ಬಯಲಾದ ದಿನವೇ ಮುರಿದುಹೋಗುತ್ತಿತ್ತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಶರಣರ ಹೆಸರಿಗೆ ಮೂರು ಅಂಗಗಳಿವೆ. ಮುಂದೆ ಕಾಯಕ, ನಡುವೆ ಹೆಸರು, ಹಿಂದೆ ಅಯ್ಯ, ಅಣ್ಣ, ತಂದೆ, ಅವ್ವೆ, ಅಮ್ಮ ಎಂಬ ಗೌರವದ ಮಾತು. ಕಾಯಕವು ಯಾವುದೇ ಆಗಿರಲಿ, ಹಿಂದಿನ ಗೌರವಪದವು ತಪ್ಪುವುದಿಲ್ಲ. ಸೌದೆ ಹೊರುವವರೂ ಅಯ್ಯನೇ, ಕನ್ನವನ್ನು ಬಿಟ್ಟವರೂ ತಂದೆಯೇ. ಮುಂದಿನ ಪದದಲ್ಲಿ ಎಷ್ಟೇ ಭೇದವಿದ್ದರೂ ಹಿಂದಿನ ಪದದಲ್ಲಿ ಭೇದವಿಲ್ಲ. ಶರಣಧರ್ಮದ ಸಾರವೆಲ್ಲ ಈ ಮೂರು ಅಂಗಗಳ ಜೋಡಣೆಯಲ್ಲಿಯೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

೫. ಇಂದಿನ ಗೃಹಸ್ಥರಿಗೆ

ಈ ಜೋಡಣೆಯನ್ನು ನಾವು ಇಂದು ಎರಡು ಕಡೆಯಿಂದಲೂ ಮುರಿದಿದ್ದೇವೆ. ಬೀದಿಯನ್ನು ಗುಡಿಸುವವರನ್ನು, ಬಟ್ಟೆ ಒಗೆಯುವವರನ್ನು, ಕ್ಷೌರ ಮಾಡುವವರನ್ನು, ತೋಟದಲ್ಲಿ ದುಡಿಯುವವರನ್ನು ಕರೆಯುವಾಗ ಮುಂದಿನ ಕಾಯಕವನ್ನು ಮಾತ್ರ ಉಳಿಸಿಕೊಂಡು ಹೆಸರನ್ನೂ ಗೌರವಪದವನ್ನೂ ಬಿಡುತ್ತೇವೆ. ಆಗ ಶರಣರ ಬಾಯಲ್ಲಿ ಪೂಜ್ಯವಾಗಿದ್ದ ಪದವೇ ಬೈಗುಳವಾಗುತ್ತದೆ. ನಮ್ಮನ್ನು ನಾವು ಕರೆದುಕೊಳ್ಳುವಾಗಲಾದರೋ ಹಿಂದಿನ ಗೌರವಪದವನ್ನು ಉಳಿಸಿಕೊಂಡು ಮುಂದಿನ ಕಾಯಕವನ್ನು ಮರೆಮಾಡುತ್ತೇವೆ. ಅಜ್ಜನು ಗಾಣವಾಡಿಸುತ್ತಿದ್ದನೆಂದೋ, ಅಜ್ಜಿಯು ಕೂಲಿಗೆ ಹೋಗುತ್ತಿದ್ದಳೆಂದೋ ಹೇಳಲು ಮಕ್ಕಳು ನಾಚುವಂತೆ ಬೆಳೆಸುತ್ತೇವೆ. ಮೊದಲನೆಯದು ಅಹಂಕಾರ, ಎರಡನೆಯದು ಡಂಭ. ಎರಡಕ್ಕೂ ಬೇರು ಒಂದೇ: ಕಾಯಕದಲ್ಲಿ ಮೇಲು ಕೀಳುಗಳುಂಟೆಂಬ ಭ್ರಮೆ.

ಹಾಗೆಂದ ಮಾತ್ರಕ್ಕೆ ತಂದೆಯ ಕಾಯಕವನ್ನೇ ಮಗನು ಮಾಡಬೇಕೆಂಬುದು ಈ ಪಾಠದ ಅಭಿಪ್ರಾಯವಲ್ಲ. ಅರಸನು ಸೌದೆಯನ್ನು ಹೊತ್ತಂತೆ ಸೌದೆಯವರ ಮಗಳು ವೈದ್ಯಳಾ­ಗಬಹುದು, ನ್ಯಾಯಾಧೀಶೆಯಾಗಬಹುದು. ಕಾಯಕವು ಆರಿಸಿಕೊಳ್ಳುವಂಥದು. ಆರಿಸಿಕೊಂಡ ಮೇಲೆ ಅದನ್ನು ಶುಚಿಯಾಗಿ ನಡೆಸಬೇಕು. ನಡೆಸಿ ಬಂದುದನ್ನು ಹಂಚಿ ಉಣ್ಣಬೇಕು.

ಮಕ್ಕಳಿಗೆ ಬಸವರಾಜ, ಮಹಾದೇವಿ, ಸಿದ್ಧರಾಮ ಎಂದು ಹೆಸರಿಡುವುದು ನಮ್ಮ ಮನೆಗಳಲ್ಲಿ ರೂಢಿ. ಒಳ್ಳೆಯ ರೂಢಿಯೇ. ಆದರೆ ಹೆಸರಿಟ್ಟ ದಿನವೇ ಕೆಲಸ ಮುಗಿಯಿತೆಂದು ತಿಳಿಯಬಾರದು. ಕನ್ನಡನಾಡಿನಲ್ಲಿ ಬಸವರಾಜರು ಎಷ್ಟು ಮಂದಿಯೋ ಲೆಕ್ಕವಿಲ್ಲ. ಅವರಲ್ಲಿ ಬಸವರಾಜ ರಾಜಗುರುಗಳು ಹಿಂದುಸ್ತಾನಿ ಸಂಗೀತವನ್ನು ಹಾಡಿ ಧಾರವಾಡದ ಕೀರ್ತಿಯನ್ನು ದೇಶಕ್ಕೆಲ್ಲ ಹರಡಿ ೧೯೯೧ರಲ್ಲಿ ಲಿಂಗೈಕ್ಯರಾದರು. ಬಸವರಾಜ ಕಟ್ಟೀಮನಿಯವರು ದುಡಿಯುವ ಜನರ ಬಾಳನ್ನು ಕಾದಂಬರಿಗಳಲ್ಲಿ ಬರೆದು, ೧೯೮೦ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬಸವರಾಜ ಬೊಮ್ಮಾಯಿಯವರು ೨೦೨೧ರಿಂದ ೨೦೨೩ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದರು. ಮಲ್ಲಿಕಾರ್ಜುನನೆಂಬ ಹೆಸರಿನಲ್ಲಿಯೂ ವಚನಗಳನ್ನು ರಾಗದಲ್ಲಿ ಹಾಡಿದ ಮನ್ಸೂರರು ಒಬ್ಬರು, ರಾಜಕಾರಣದಲ್ಲಿ ಬಾಳನ್ನು ಕಳೆದು ೨೦೨೨ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಖರ್ಗೆಯವರು ಇನ್ನೊಬ್ಬರು. ಇವರ ಹೆಸರುಗಳು ತಂದೆತಾಯಿಗಳ ತೊಟ್ಟಿಲಿನ ಕಾಣಿಕೆ. ಆ ಹೆಸರಿನ ಸಾವಿರಾರು ಜನರಲ್ಲಿ ಇವರನ್ನು ಬೇರೆಯಾಗಿ ನೆನೆಯುವಂತೆ ಮಾಡಿದುದು ಕಂಠ, ಲೇಖನಿ, ಸಾರ್ವಜನಿಕ ಜವಾಬುದಾರಿ—ಅವರವರು ಹಿಡಿದ ಕೆಲಸ.

ಹಾಗಾದರೆ ಪ್ರಸಿದ್ಧರಾಗದ ಬಸವರಾಜನ ಗತಿಯೇನು? ಬಾಚಿಕಾಯಕದ ಬಸವಣ್ಣನವರೇ ಇದಕ್ಕೆ ಉತ್ತರ. ಭಂಡಾರಿ ಬಸವಣ್ಣನವರ ಕೀರ್ತಿಯು ಅವರಿಗೆ ಬರಲಿಲ್ಲ. ಆದರೂ ಎಂಟು ಶತಮಾನಗಳ ಮೇಲೆ ಅವರನ್ನು ನಾವು ಅರಿಯುತ್ತೇವೆ, ಅವರ ಕೈಯಲ್ಲಿದ್ದ ಹತ್ಯಾರದಿಂದಲೇ ಅರಿಯುತ್ತೇವೆ. ದೊಡ್ಡ ಹೆಸರಿನ ನೆರಳಿನಲ್ಲಿ ಸಣ್ಣವರಾಗಿ ಉಳಿದೆವೆಂದು ಕೊರಗುವವರಿಗೆ ಇದು ಧೈರ್ಯದ ಮಾತು.

೬. ಮನೆಯಲ್ಲಿ ಕೂಡಿ ಚಿಂತಿಸತಕ್ಕ ಪ್ರಶ್ನೆಗಳು

ಸಂಜೆ ಲಿಂಗಪೂಜೆಯಾದ ಮೇಲೆ ಮನೆಯವರೆಲ್ಲರೂ ಕುಳಿತು ಈ ಮೂರು ಪ್ರಶ್ನೆಗಳನ್ನು ವಿಚಾರ ಮಾಡಬೇಕು.

ಒಂದನೆಯದು: ನಮ್ಮ ಮನೆಯಲ್ಲಿ ಯಾರ ಹೆಸರನ್ನು ಯಾವ ಶರಣರ ನೆನಪಿಗಾಗಿ ಇಡಲಾಗಿದೆ? ಆ ಶರಣರ ಕಾಯಕವೇನು, ಅಂಕಿತವೇನು? ಆ ಹೆಸರಿನ ಬೇರೆ ಶರಣರಿದ್ದಾರೆಯೇ? ಮಕ್ಕಳಿಂದಲೇ ಹುಡುಕಿಸಿ ಹೇಳಿಸಬೇಕು.

ಎರಡನೆಯದು: ಮನೆಗೆ ಬಂದು ಹೋಗುವ ಕೆಲಸದವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಹೆಸರು ಗೊತ್ತಿದ್ದವರನ್ನು ಅಣ್ಣ, ಅಕ್ಕ, ಅಯ್ಯ ಎಂಬ ಮಾತು ಸೇರಿಸಿ ಕರೆಯುತ್ತೇವೆಯೇ? ಇಲ್ಲವಾದರೆ ನಾಳೆಯಿಂದ ಕರೆಯಬೇಕು.

ಮೂರನೆಯದು: ನಮ್ಮ ನಮ್ಮ ಹೆಸರಿನ ಮುಂದೆ ಶರಣರಂತೆ ಕಾಯಕವೊಂದನ್ನು ಸೇರಿಸಬೇಕಾದರೆ ಯಾವ ಪದವನ್ನು ಸೇರಿಸಬಹುದು? ಪದವಿಯ ಹೆಸರಾಗಲಿ ಆಸ್ತಿಯ ಹೆಸರಾಗಲಿ ಇಲ್ಲಿ ಸಲ್ಲದು. ಈ ವಾರ ನಮ್ಮ ಕೈ ನಿಜವಾಗಿ ಮಾಡಿದ, ಇನ್ನೊಬ್ಬರಿಗೆ ಉಪಯೋಗವಾದ ಕೆಲಸದ ಹೆಸರಾಗಿರಬೇಕು. ಈ ಪ್ರಶ್ನೆಗೆ ಹಿರಿಯರು ಮೊದಲು ಉತ್ತರ ಕೊಡಬೇಕು, ಆಮೇಲೆ ಕಿರಿಯರನ್ನು ಕೇಳಬೇಕು.